ಗೀಗೀ ಕೇಳಿದ ಕಿವಿಗೆ ಜಾಜ್ ವರ್ಜ್ಯವೆ?

ಅಮೇರಿಕೆಯ ಜಾಜ್ ಎಂಬ ವಾದನಕ್ಕೂ ಹಿಪ್-ಹಾಪ್ ಎಂಬ ಮಾತಿನ ಗಾಯನಕ್ಕೂ ಮನಸೋತ ತರುಣರನ್ನು ಕಂಡರೆ ನಮ್ಮ ಕಿತ್ತೂರು ಸೀಮೆಯ ರಸಿಕರಲ್ಲಿ ಅನೇಕರಿಗೆ ಸಿಟ್ಟು ಬರುತ್ತದೆ. ಸಿಟ್ಟು ಬರುವುದೇನೂ ದೋಷವಲ್ಲ. ಕಲೆಯ ವಿಷಯದಲ್ಲಿ ಎಂದೂ ಸಿಟ್ಟುಗೊಳ್ಳದವನು ಅದನ್ನು ಪ್ರೀತಿಸುವವನೂ ಅಲ್ಲ. ಆದರೆ ಆ ಸಿಟ್ಟಿಗೆ ಮುಂದುಮಾಡುವ ಕಾರಣಗಳನ್ನು ತಕ್ಕಡಿಯಲ್ಲಿಟ್ಟು ತೂಗಿದರೆ, ಅವುಗಳ ಪೆಟ್ಟು ಬೀಳುವುದು ಜಾಜಿನ ಮೇಲಲ್ಲ, ನಮ್ಮ ಅಂಗಳದಲ್ಲಿಯೇ ಡಪ್ಪು ಬಾರಿಸಿಕೊಂಡು ಬಂದ ಗೀಗೀ ಮೇಳದ ಮೇಲೆ ಎಂಬುದು ತಿಳಿಯುತ್ತದೆ. ಆದ್ದರಿಂದಲೇ ಈ ಲೇಖನ. ಇದನ್ನು ಬರೆಯುವವನು ಈ ಎರಡನ್ನೂ ಬಹುಕಾಲದಿಂದ ಆಸ್ಥೆಯಿಂದ ಕೇಳುತ್ತ ಬಂದವನೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಾಚಕರು ಪಕ್ಷಪಾತದ ಶಂಕೆಯನ್ನಿಟ್ಟುಕೊಂಡೇ ಓದಲಿ.

'ಇವು ಪರದೇಶದವು' ಎಂಬುದು ಎಲ್ಲಕ್ಕೂ ಮೊದಲು ಕೇಳಿಬರುವ ಆಕ್ಷೇಪ. ವಿನೋದವೆಂದರೆ, ಈ ಮಾತನ್ನು ನುಡಿಯುವ ಮಹನೀಯರ ಮಗ್ಗುಲಲ್ಲಿಯೇ ಪೇಟಿ ಇರುತ್ತದೆ. ಯುರೋಪದಿಂದ ಹಡಗು ಹತ್ತಿ ಬಂದ ಈ ಪೇಟಿಯನ್ನು ಆಕಾಶವಾಣಿಯವರು ೧೯೪೦ರಲ್ಲಿ, ಇದು ನಮ್ಮ ಶ್ರುತಿಗಳಿಗೆ ಒಗ್ಗದೆಂದು, ತಮ್ಮ ಮನೆಯಿಂದ ಹೊರಗೆ ಹಾಕಿದ್ದರು. ಮೂರು ದಶಕಗಳ ಕಾಲ ಆ ಬಾಗಿಲು ಮುಚ್ಚಿಯೇ ಇತ್ತು. ಆದರೆ ನಮ್ಮ ಭಜನಾಮಂಡಳಿಗಳಾಗಲಿ ಸಣ್ಣಾಟದ ಮೇಳಗಳಾಗಲಿ ಅದನ್ನು ಬಿಟ್ಟವೆ? ಖ್ಯಾಲ್ ಗಾಯನವಾದರೂ ನಮ್ಮ ನುಡಿಯದಲ್ಲ. ಉಸ್ತಾದ ಅಬ್ದುಲ್ ಕರೀಮ್ ಖಾನರು ಉತ್ತರದ ಕೈರಾನಾದಿಂದ ತಂದ ಬೀಜ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಮೊಳೆತು, ಗದಗಿನ ಭೀಮಸೇನ ಜೋಶಿಯವರಲ್ಲಿ ಮರವಾಯಿತು. ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮಾಳವದ ದೇವಾಸಕ್ಕೆ ಹೋಗಿ ನೆಲೆಸಿ, ಅಲ್ಲಿಯ ಹಳ್ಳಿಗರ ಹಾಡಿಗೆ ಕಿವಿಗೊಟ್ಟು, ಅದರಿಂದ ಹೊಸ ರಾಗಗಳನ್ನು ಕಟ್ಟಿದರು. ಪರರದೆಂಬ ಕಾರಣಕ್ಕೆ ಅವರು ಕಿವಿ ಮುಚ್ಚಿಕೊಂಡಿದ್ದರೆ ನಾವು ಇಂದು ಹೆಮ್ಮೆಪಡುವ ಕುಮಾರರು ಎಲ್ಲಿರುತ್ತಿದ್ದರು? ಈ ಆಕ್ಷೇಪಕ್ಕೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಡ.

'ಜಾಜ್ ಎಂದರೆ ಗದ್ದಲ. ಅದರಲ್ಲಿ ನಿಯಮವೇ ಇಲ್ಲ' ಎನ್ನುವವರಿಗೆ ಮಾತ್ರ ತುಸು ವಿವರವಾಗಿ ಹೇಳಬೇಕು. ಏಕೆಂದರೆ ಈ ಮಾತನ್ನಾಡುವವರಲ್ಲಿ ನಿಜವಾಗಿ ಕಿವಿಯುಳ್ಳವರೂ ಇದ್ದಾರೆ. ಅವರು ಮೈಲ್ಸ್ ಡೇವಿಸ್ ಎಂಬ ತುತ್ತೂರಿವಾದಕನು ತನ್ನ ಸಂಗಡಿಗರೊಡನೆ ೧೯೫೯ರಲ್ಲಿ ಧ್ವನಿಮುದ್ರಿಸಿದ 'ಕೈಂಡ್ ಆಫ್ ಬ್ಲೂ' ಎಂಬ ಸಂಪುಟದ ಮೊದಲ ಕೃತಿಯನ್ನು ಒಂದು ಸಾಯಂಕಾಲ ಸಮಾಧಾನದಿಂದ ಕೇಳಲಿ. ಅದರ ಹೆಸರು 'ಸೋ ವಾಟ್'. ಮಂದ್ರಸ್ವರದ ದೊಡ್ಡ ತಂತಿವಾದ್ಯವು ಒಂದು ಪ್ರಶ್ನೆ ಕೇಳುತ್ತದೆ. ಉಳಿದ ವಾದ್ಯಗಳು ಎರಡೇ ಸ್ವರಗುಚ್ಛಗಳಲ್ಲಿ ಉತ್ತರ ಹೇಳುತ್ತವೆ. ಇದೇ ಅದರ ಪಲ್ಲವಿ. ಆವರ್ತನವು ೩೨ ಗಣಗಳದು. ಗಣಕ್ಕೆ ನಾಲ್ಕರಂತೆ ೧೨೮ ಎಣಿಕೆಗಳು. ಮೊದಲಿನ ೧೬ ಗಣಗಳಲ್ಲಿ ವಾದಕನು ಬಳಸಬೇಕಾದ ಸ್ವರಗಳು ಯಾವುವೆಂದರೆ, ಕೋಮಲ ಗಾಂಧಾರ, ಕೋಮಲ ನಿಷಾದ, ಉಳಿದವೆಲ್ಲ ಶುದ್ಧ. ಅಂದರೆ ನಮ್ಮ ಕಾಫಿ ಥಾಟು! ಅಲ್ಲಿಂದ ಮುಂದಿನ ೮ ಗಣಗಳಿಗೆ ಷಡ್ಜವನ್ನೇ ಅರ್ಧಸ್ವರ ಮೇಲಕ್ಕೆತ್ತಿ, ಅದರ ಮೇಲೆ ಮತ್ತೆ ಕಾಫಿಯನ್ನೇ ಕಟ್ಟುತ್ತಾರೆ. ಕೊನೆಯ ೮ ಗಣಗಳಿಗೆ ಹಳೆಯ ಷಡ್ಜಕ್ಕೆ ಮರಳುತ್ತಾರೆ. ಈ ಕಟ್ಟಿನೊಳಗೆ ಒಬ್ಬೊಬ್ಬನೂ ತನ್ನ ಸರದಿ ಬಂದಾಗ ಆ ಗಳಿಗೆಯಲ್ಲಿಯೇ ಹೊಳೆದುದನ್ನು ನುಡಿಸುತ್ತಾನೆ. ಎಷ್ಟೇ ದೂರ ಅಲೆದರೂ ಎಣಿಕೆ ತಪ್ಪುವಂತಿಲ್ಲ, ಆವರ್ತನದ ಬಾಗಿಲನ್ನು ಸರಿಯಾದ ಗಳಿಗೆಗೆ ಬಂದು ತಟ್ಟಲೇಬೇಕು. ಬಂದಿಶನ್ನು ಹಿಡಿದು ಹೊರಟು, ತಾನುಗಳ ಕಾಡಿನಲ್ಲಿ ತಿರುಗಾಡಿ, ಸಮ್ಮಿಗೆ ಬಂದು ಬೀಳುವ ಗಾಯಕನನ್ನು ಕಂಡು 'ವಾಹವ್ವಾ' ಎನ್ನುವ ರಸಿಕನಿಗೆ ಇದರಲ್ಲಿ ಗದ್ದಲ ಕೇಳಿಸಿದರೆ, ಆತನು ಕೃತಿಯನ್ನು ಕೊನೆಯವರೆಗೆ ಕೇಳಿಲ್ಲವೆಂದೇ ನಾವು ಹೇಳುವೆವು.

ಎರಡೂ ಒಂದೇ ಎಂದು ನಮ್ಮ ವಾದವಲ್ಲ. ನಮ್ಮಲ್ಲಿ ತಂಬೂರಿಯ ಒಂದೇ ಷಡ್ಜ ಮೊದಲಿನಿಂದ ಕೊನೆಯವರೆಗೆ ನಿಂತಿರುತ್ತದೆ. ಅವರಲ್ಲಿ ನೆಲವೇ ಕಾಲಕೆಳಗೆ ಸರಿಯುತ್ತಿರುತ್ತದೆ. ಕಾಫಿಯ ಥಾಟು ಇದ್ದಮಾತ್ರಕ್ಕೆ ಕಾಫಿಯ ಚಲನೆಯೂ ಬರುವುದಿಲ್ಲ. ಈ ಭೇದವನ್ನು ಗುರುತಿಸುವುದೇ ಕೇಳುವವನ ಸುಖ. ಅದೇ ಸಂಪುಟದಲ್ಲಿ ನುಡಿಸಿದ ಜಾನ್ ಕೋಲ್ಟ್ರೇನ್ ಎಂಬ ಮಹಾವಾದಕನು ಪಂಡಿತ ರವಿಶಂಕರರ ಸಿತಾರಕ್ಕೆ ಎಷ್ಟು ಮರುಳಾದನೆಂದರೆ, ೧೯೬೫ರಲ್ಲಿ ಹುಟ್ಟಿದ ತನ್ನ ಮಗನಿಗೆ ರವಿ ಎಂದೇ ಹೆಸರಿಟ್ಟನು. ಅವನಿಗಿದ್ದ ಔದಾರ್ಯ ನಮಗೇಕಿರಬಾರದು?

ಇಷ್ಟಕ್ಕೂ ಕನ್ನಡಿಗರಿಗೆ ಜಾಜ್ ಅಪರಿಚಿತವೆಂಬುದೇ ಸುಳ್ಳು. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (೧೯೪೯–೨೦೧೯) ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನ್ ಕೇಳಿ, ಅದರ ಬೆನ್ನು ಹತ್ತಿ, ಗಮಕಕ್ಕೆ ಒಗ್ಗದ ಆ ಲೋಹದ ಕೊಳವೆಯನ್ನು ವರ್ಷಗಟ್ಟಲೆ ಸಾಧನೆಯಿಂದ ಪಳಗಿಸಿ, ಕರ್ನಾಟಕ ಸಂಗೀತದ ಕಚೇರಿಯಲ್ಲಿ ಕೂಡಿಸಿದರು. ೧೯೮೦ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೇರಿಕೆಯ ಜಾನ್ ಹ್ಯಾಂಡಿಯೊಡನೆ ಅವರು ನುಡಿಸಿದಾಗ ಯಾರ ಧರ್ಮವೂ ಕೆಡಲಿಲ್ಲ, ಯಾರ ರಾಗವೂ ಕಳೆದುಹೋಗಲಿಲ್ಲ. ಬೆಂಗಳೂರಿನ ಗಾಯಕಿ ಆರ್. ಎ. ರಮಾಮಣಿಯವರೂ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ಸಂಸ್ಥೆಯವರೂ ಚಾರ್ಲಿ ಮರಿಯಾನೋ ಎಂಬ ಜಾಜ್ ವಾದಕನ ಕೂಡ ೧೯೮೩ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಕರ್ನಾಟಕದಿಂದ ಅಮೇರಿಕೆಗೆ ಹೋಗಿ ನೆಲೆಸಿದ ಮನೆತನವೊಂದರ ಮಗ ರುದ್ರೇಶ ಮಹಾಂತಪ್ಪ ಇಂದು ಅಲ್ಲಿಯ ಹೆಸರಾಂತ ಜಾಜ್ ವಾದಕರಲ್ಲೊಬ್ಬರು. ಅವರು ೨೦೦೪ರಲ್ಲಿ 'ಮದರ್ ಟಂಗ್', ಅಂದರೆ ತಾಯ್ನುಡಿ, ಎಂಬ ಹೆಸರಿನ ಸಂಪುಟವನ್ನು ರಚಿಸಿದರು. ಭಾರತೀಯರು ತಂತಮ್ಮ ನುಡಿಯಲ್ಲಿ ಮಾತನಾಡುವಾಗ ಧ್ವನಿ ಏರಿ ಇಳಿಯುವ ಬಗೆಯನ್ನೇ ಸ್ವರಗಳಾಗಿ ಬರೆದುಕೊಂಡು ಕಟ್ಟಿದ ಕೃತಿಗಳು ಅದರಲ್ಲಿವೆ. ಅವುಗಳಲ್ಲೊಂದರ ಹೆಸರು 'ಕನ್ನಡ'. ಇದೇ ರುದ್ರೇಶರು ೨೦೦೮ರಲ್ಲಿ ಕದ್ರಿಯವರನ್ನು ಹಿರಿಯರೆಂದು ಕರೆತಂದು ಅವರೊಡನೆ 'ಕಿನ್ಸ್‌ಮೆನ್' ಎಂಬ ಸಂಪುಟವನ್ನು ಮಾಡಿದರು. ಬಂಧುಗಳು ಎಂದು ಆ ಹೆಸರಿನ ಅರ್ಥ. ನಮ್ಮ ಮಾತಿನ ಏರಿಳಿತವೇ ಜಾಜಿನ ರಾಗವಾಗಿರುವಾಗ, ಬೈಲಹೊಂಗಲದ ಹುಡುಗನೊಬ್ಬನು ಅದನ್ನು ಕೇಳಿದರೆ ಕನ್ನಡಕ್ಕೆ ದ್ರೋಹ ಬಗೆದಂತಾಯಿತೆ?

ಇನ್ನು ಹಿಪ್-ಹಾಪಿನ ವಿಷಯ. ಇಲ್ಲಿ ಹಿರಿಯರ ಕೋಪ ಇಮ್ಮಡಿಯಾಗುತ್ತದೆ. 'ಜಾಜಿನಲ್ಲಿ ಸ್ವರವಾದರೂ ಇದೆ. ಇದು ಬರಿಯ ಮಾತು. ಲಯಕ್ಕೆ ಸರಿಯಾಗಿ ಒದರುವುದನ್ನು ಹಾಡೆಂದು ಯಾವ ಶಾಸ್ತ್ರ ಹೇಳಿದೆ?' ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ಮೈಸೂರಿನವರು ಕೇಳಿದ್ದರೆ ನಾವು ಸುಮ್ಮನಿರುತ್ತಿದ್ದೆವೇನೋ. ಮಲಪ್ರಭೆಯ ನೀರು ಕುಡಿದವರು ಕೇಳಬಹುದೆ?

ಗೀಗೀ ಮೇಳವೆಂದರೇನು? ಮುಂದೆ ಡಪ್ಪು ಹಿಡಿದ ಮುಖ್ಯ ಹಾಡುಗಾರ. ಹಿಂದೆ ತುಂತುಣಿ ಮಿಡಿಯುತ್ತ, ತಾಳ ಹಾಕುತ್ತ 'ಗೀ ಗೀ' ಎಂದು ಸೊಲ್ಲು ಎತ್ತಿಕೊಳ್ಳುವ ಇಬ್ಬರು. ರಾಗ ಅಲ್ಲಿ ಹೆಚ್ಚಿಲ್ಲ. ನಾಲ್ಕೈದು ಸ್ವರಗಳಲ್ಲಿ ಕೆಲಸ ಮುಗಿಯುತ್ತದೆ. ಇರುವುದೆಲ್ಲ ಮಾತು. ಹರದೇಶಿಯ ಮೇಳ ಒಂದು ಕಡೆ, ನಾಗೇಶಿಯ ಮೇಳ ಇನ್ನೊಂದು ಕಡೆ. ಹರದೇಶಿಯವನು ಗಂಡು ಹೆಚ್ಚು, ಶಿವ ಹೆಚ್ಚು ಎನ್ನುತ್ತಾನೆ. ನಾಗೇಶಿಯವಳು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎನ್ನುತ್ತಾಳೆ. ಸವಾಲು ಹಾಡಿನಲ್ಲಿಯೇ ಬರಬೇಕು, ಜವಾಬೂ ಹಾಡಿನಲ್ಲಿಯೇ ಹೋಗಬೇಕು. ಪುರಾಣದ ಒಗಟು, ಲೋಕದ ಚೇಷ್ಟೆ, ಎದುರಾಳಿಯ ಗುರುವಿನ ಮೇಲೆ ಚುಚ್ಚುಮಾತು, ಎಲ್ಲವೂ ಅಲ್ಲಿ ನಡೆಯುತ್ತದೆ. ಜವಾಬು ತಡವಾದರೆ ಕೂತ ಜನ ಸುಮ್ಮನಿರುವುದಿಲ್ಲ. ಬೆಳಗಾಗುವವರೆಗೆ ಈ ವಾದ ನಡೆಯುತ್ತದೆ. ಕೊನೆಯ ನುಡಿಯಲ್ಲಿ ಕವಿಯು ತನ್ನ ಹೆಸರು, ತನ್ನ ಊರು, ತನ್ನ ಗುರುವಿನ ಹೆಸರುಗಳನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾನೆ.

ಈಗ ಹಿಪ್-ಹಾಪಿನ ಹುಟ್ಟನ್ನು ನೋಡಿರಿ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ಭಾಗದಲ್ಲಿ, ೧೯೭೩ರ ಆಗಸ್ಟ್ ೧೧ರಂದು, ಜಮೈಕಾದಿಂದ ಬಂದು ನೆಲೆಸಿದ್ದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಹುಡುಗನು ತನ್ನ ತಂಗಿ ಏರ್ಪಡಿಸಿದ ಒಂದು ಕೂಟದಲ್ಲಿ ಹಾಡಿನ ತಟ್ಟೆಗಳನ್ನು ತಿರುಗಿಸುತ್ತಿದ್ದನು. ಕುಣಿಯುವವರಿಗೆ ಹಾಡಿಗಿಂತ ನಡುವೆ ಬರುವ ಬರಿಯ ತಾಳದ ಭಾಗವೇ ಹೆಚ್ಚು ರುಚಿಸುವುದನ್ನು ಅವನು ಗಮನಿಸಿದ್ದನು. ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟುಕೊಂಡು ಆ ಭಾಗವನ್ನೇ ಮತ್ತೆ ಮತ್ತೆ ಹೊರಳಿಸಿ ಉದ್ದ ಮಾಡುವ ಯುಕ್ತಿ ಹೂಡಿದನು. ಆ ತಾಳದ ಮೇಲೆ ಪ್ರಾಸಬದ್ಧವಾಗಿ ಮಾತು ನುಡಿಯುವವರು ಬಂದರು. ಆಮೇಲೆ ಇಬ್ಬರು ಎದುರೆದುರು ನಿಂತು ಮಾತಿಗೆ ಮಾತು ಕೊಡುವ ಕಾಳಗ ಬಂದಿತು. ಗೆದ್ದವರಾರೆಂಬುದನ್ನು ಸುತ್ತ ನಿಂತ ಜನವೇ ಕೂಗಿ ತೀರ್ಮಾನಿಸುತ್ತದೆ. ಅಲ್ಲಿಯೂ ನುಡಿಗಾರನು ತನ್ನ ಹೆಸರನ್ನೂ ತನ್ನ ಓಣಿಯ ಹೆಸರನ್ನೂ ಹೇಳಿಕೊಳ್ಳದೆ ಬಿಡುವುದಿಲ್ಲ. ಬ್ರಾಂಕ್ಸಿನವರು ನಮ್ಮಿಂದ ಕದ್ದರೆಂದು ನಾವು ಹೇಳುತ್ತಿಲ್ಲ. ಅಂಥ ಹುಚ್ಚು ಹೆಮ್ಮೆಯಿಂದ ಯಾರಿಗೂ ಲಾಭವಿಲ್ಲ. ಕೈಯಲ್ಲಿ ಹಣವಿಲ್ಲದ, ನಾಲಗೆಯಲ್ಲಿ ಹರಿತವಿರುವ ಜನ ಎಲ್ಲಿದ್ದರೂ ಇಂಥದೊಂದು ಆಟವನ್ನು ಕಟ್ಟಿಕೊಳ್ಳುತ್ತಾರೆಂಬುದಷ್ಟೇ ಇಲ್ಲಿ ಕಾಣುವ ಸತ್ಯ. 'ಬರಿಯ ಮಾತು ಹಾಡಲ್ಲ' ಎಂಬ ತೀರ್ಪಿಗೆ ಸಹಿ ಹಾಕುವ ಮಹನೀಯರು ಅದೇ ಲೇಖಣಿಯಿಂದ ಹರದೇಶಿ-ನಾಗೇಶಿಯನ್ನೂ ಊರ ಹೊರಗೆ ಹಾಕುತ್ತಿದ್ದಾರೆ.

ಮಾತಿನ ಹಾಡಿಗೆ ಎಷ್ಟು ಭಾರ ಹೊರುವ ಶಕ್ತಿಯಿದೆಯೆಂಬುದನ್ನು ನಮ್ಮ ನಾಡೇ ತೋರಿಸಿದೆ. ೧೮೩೧ರ ಜನೇವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಓದುಬಾರದ ಜನರ ಬಾಯಲ್ಲಿ ಉಳಿಸಿದವರು ಯಾರು? ಇತಿಹಾಸಕಾರರಲ್ಲ, ಲಾವಣಿಕಾರರು. ಶಾಸನಗಳ ವಿದ್ವಾಂಸನೆಂದು ಹೆಸರಾದ ಜೆ. ಎಫ್. ಫ್ಲೀಟನು ೧೮೮೫ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚುಹಾಕಿದಾಗ ಅವುಗಳಲ್ಲಿ ಹಲಗಲಿಯ ಬೇಡರ ದಂಗೆಯ ಹಾಡಿತ್ತು; ಸರಕಾರ ವರಮಾನದ ಮೇಲೆ ತೆರಿಗೆ ಹೇರಿದ್ದರ ಮೇಲೆಯೂ ಒಂದು ಹಾಡಿತ್ತು! ಆದಾಯ ತೆರಿಗೆಯನ್ನು ಹಾಡಿನ ವಸ್ತುವಾಗಿಸಿದ ಜನ ನಾವು. ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿ ಸ್ವಾತಂತ್ರ್ಯದ ಚಳವಳಿಯ ಕಾಲಕ್ಕೆ ಅದೇ ಡಪ್ಪಿನ ಮೇಲೆ ದೇಶದ ಮಾತನ್ನಾಡಿದರು. ೧೯೮೨ರಲ್ಲಿ ಹೊರಬಂದ 'ದಿ ಮೆಸೇಜ್' ಎಂಬ ಹಿಪ್-ಹಾಪ್ ಹಾಡು ನ್ಯೂಯಾರ್ಕಿನ ಕೊಳಕು ಚಾಳುಗಳ ಬದುಕನ್ನು ಬಿಚ್ಚಿ ಹೇಳಿದಾಗ ಅಲ್ಲಿಯ ಸಭ್ಯರು ಬೆರಗಾದರಂತೆ. ಅದನ್ನು ಹುಲಕುಂದದವರು ಕೇಳಿದ್ದರೆ ಬೆರಗಾಗುತ್ತಿರಲಿಲ್ಲ. ೨೦೧೮ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ಹಿಪ್-ಹಾಪ್ ಕವಿಗೆ ಸಂಗೀತದ ಪುಲಿಟ್ಝರ್ ಪಾರಿತೋಷಕ ಬಂದಿತು. ೧೯೬೫ರಲ್ಲಿ ಡ್ಯೂಕ್ ಎಲಿಂಗ್ಟನ್‌ನಂಥ ಜಾಜಿನ ಮಹಾಗುರುವಿಗೆ ವಿಶೇಷ ಗೌರವವನ್ನೂ ಕೊಡಲು ಒಪ್ಪದ ಮಂಡಳಿಯೇ ಅದನ್ನು ಕೊಟ್ಟಿತು. ಅಲ್ಲಿಯ ಪಂಡಿತರಿಗೆ ಅರ್ಧ ಶತಮಾನ ಬೇಕಾಯಿತು. ನಮ್ಮವರಿಗೆ ಎಷ್ಟು ಬೇಕೋ!

ಅಶ್ಲೀಲದ ಆಕ್ಷೇಪವನ್ನು ತಳ್ಳಿಹಾಕಲು ಬರುವಂತಿಲ್ಲ. ಹಿಪ್-ಹಾಪಿನಲ್ಲಿ ಹೊಲಸು ಮಾತು ಉಂಟು. ಹೆಂಗಸರನ್ನು ಕೀಳಾಗಿ ಕಾಣುವ ಹಾಡುಗಳೂ ಬೇಕಾದಷ್ಟಿವೆ. ಅವನ್ನು ನಾವು ಕೇಳುವುದಿಲ್ಲ, ಸಮರ್ಥಿಸುವುದೂ ಇಲ್ಲ. ಆದರೆ ಬೈಲಹೊಂಗಲದವರು ಈ ಆಕ್ಷೇಪವನ್ನೆತ್ತುವಾಗ ತುಸು ಮೆಲ್ಲಗೆ ಎತ್ತಬೇಕು. ಸಂಗ್ಯಾ-ಬಾಳ್ಯಾ ಯಾರ ಊರಿನ ಕಥೆ? ಗೆಳೆಯನಂತಿದ್ದ ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾ ಕಣ್ಣಿಡುವುದು, ಬಾಳ್ಯಾನ ವಿಶ್ವಾಸಘಾತ, ಕೊನೆಗೆ ಕೊಲೆ: ಇವನ್ನೇ ಹಾಡಿದ ಸಣ್ಣಾಟವನ್ನು ಒಂದು ಕಾಲಕ್ಕೆ ಮರ್ಯಾದಸ್ಥರು ನೋಡಬಾರದ ಆಟವೆಂದು ಎಣಿಸುತ್ತಿದ್ದರು. ಅದೇ ಕಥೆಯ ಲಾವಣಿ ಫ್ಲೀಟನ ಸಂಗ್ರಹದಲ್ಲಿಯೂ ಸೇರಿತು. ಮುಂದೆ ನಮ್ಮ ಜಿಲ್ಲೆಯ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿದರು. ಈಗ ಅದು ವಿದ್ಯಾಪೀಠಗಳಲ್ಲಿ ಅಭ್ಯಾಸದ ವಸ್ತು. ಸವದತ್ತಿಯ ಗುಡ್ಡದಲ್ಲಿ ಜೋಗತಿಯರು ಚೌಡಿಕೆಯ ಒಂಟಿ ತಂತಿಯನ್ನು ಬಿಗಿದು ಸಡಿಲಿಸಿ ಸ್ವರವನ್ನು ಬಾಗಿಸುವ ರೀತಿಯನ್ನು ಕೇಳಿದವರಿಗೆ, ಗುಲಾಮರ ಮೊಮ್ಮಕ್ಕಳು ಹಾಡಿದ ಬ್ಲೂಸ್ ಎಂಬ ಹಾಡಿನ ಬಾಗಿದ ಗಾಂಧಾರವನ್ನು ಬೇರೆ ವಿವರಿಸಿ ಹೇಳಬೇಕಾಗಿಲ್ಲ. ಆ ಜೋಗತಿಯರನ್ನು ಸಂಗೀತಗಾರರೆಂದು ನಮ್ಮ ಸಭೆಗಳು ಎಂದು ಕರೆದವು? ಯಾರ ಬಾಯಿಂದ ಬಂದಿತೆಂಬುದನ್ನು ನೋಡಿ ಹಾಡಿನ ಶೀಲವನ್ನು ಅಳೆಯುವುದು ನಮ್ಮಲ್ಲಿ ಹಳೆಯ ರೋಗ.

ಇಷ್ಟು ಹೇಳಿದ್ದರಿಂದ ನಮ್ಮ ತರುಣ ರ‍್ಯಾಪ್ ಕವಿಗಳು ಹಿಗ್ಗಬೇಕಾಗಿಲ್ಲ. ಅವರ ಪಾಲಿನದೂ ಇದೆ. ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೊ ಮುಂತಾದವರ ದೆಸೆಯಿಂದ ಕನ್ನಡದಲ್ಲಿ ರ‍್ಯಾಪ್ ಈಗ ಮನೆಮಾತಾಗಿದೆ. ಅದು ಸಂತೋಷದ ಸಂಗತಿ. ಆದರೆ ಅವರನ್ನು ನೋಡಿ ಊರೂರಿಗೆ ಹುಟ್ಟಿಕೊಂಡ ಅನುಕರಣಕಾರರ ಬಹುಪಾಲು ರಚನೆಗಳಲ್ಲಿ ನಮಗೆ ಕಾಣುವುದು ಪ್ರಾಸದ ಬಡತನ. ಇದಕ್ಕೆ ಕಾರಣವನ್ನು ಭಾಷೆಯಲ್ಲಿಯೇ ಹುಡುಕಬೇಕು. ಇಂಗ್ಲಿಷ್ ವಾಕ್ಯದ ಕೊನೆಯಲ್ಲಿ ಯಾವ ಶಬ್ದವಾದರೂ ಬಂದು ಕೂಡಬಹುದು. ಆದ್ದರಿಂದ ಅಲ್ಲಿ ಅಂತ್ಯಪ್ರಾಸವೆಂದರೆ ಪ್ರತಿಸಲವೂ ಒಂದು ಬೇಟೆ. ಕನ್ನಡ ವಾಕ್ಯದ ಕೊನೆಗೆ ಕ್ರಿಯಾಪದ ಬರುತ್ತದೆ, ಕ್ರಿಯಾಪದದ ಕೊನೆಗೆ ಅದೇ ಪ್ರತ್ಯಯ ಬರುತ್ತದೆ. 'ಬರತೀನಿ, ಹೋಗತೀನಿ, ತರತೀನಿ' ಎಂದು ಮೂವತ್ತು ಸಾಲು ಹೊಸೆಯಲು ಕವಿಯೇ ಬೇಕಾಗಿಲ್ಲ. ವ್ಯಾಕರಣ ತಾನಾಗಿಯೇ ಹೊಸೆದುಕೊಡುತ್ತದೆ. ಬೇಟೆಯಿಲ್ಲದೆ ಸಿಕ್ಕ ಮಾಂಸಕ್ಕೆ ರುಚಿ ಎಲ್ಲಿಂದ ಬರಬೇಕು? ಹಳಗನ್ನಡದ ಛಂದಸ್ಸಿನವರು ಈ ಅಪಾಯವನ್ನು ಬಲ್ಲವರಾದುದರಿಂದಲೇ ಪ್ರಾಸವನ್ನು ಸಾಲಿನ ಕೊನೆಯಿಂದ ಕಿತ್ತು ಎರಡನೆಯ ಅಕ್ಷರಕ್ಕೆ ತಂದಿಟ್ಟರೆಂದು ನಮಗೆ ಅನೇಕ ಸಲ ಅನಿಸಿದೆ. ಒಳ್ಳೆಯ ಲಾವಣಿಕಾರನು ಎರಡೂ ಕಡೆಗೆ ಪ್ರಾಸ ಹಾಕುತ್ತಾನೆ; ಕ್ರಿಯಾಪದವನ್ನು ಹಿಂದಕ್ಕೆ ಸರಿಸಿ ನಾಮಪದವನ್ನು ಕೊನೆಗೆ ತರುತ್ತಾನೆ; ಸಾಲಿನ ಹೊಟ್ಟೆಯಲ್ಲಿ ಮೂರು ಸಲ ಅದೇ ಸದ್ದನ್ನು ತಟ್ಟಿ, ನಾಲ್ಕನೆಯದಕ್ಕೆ ಕೇಳುವವನು ಬಾಯಿ ತೆರೆದಾಗ ಬೇರೆಯದನ್ನು ಕೊಡುತ್ತಾನೆ. ಹಲಸಂಗಿಯ ಗೆಳೆಯರು ೧೯೩೩ರಲ್ಲಿ ಹೊರತಂದ 'ಜೀವನ ಸಂಗೀತ'ವೆಂಬ ಲಾವಣಿಗಳ ಸಂಗ್ರಹವನ್ನು ನಮ್ಮ ರ‍್ಯಾಪ್ ಕವಿಗಳಲ್ಲಿ ಎಷ್ಟು ಜನ ತೆರೆದು ನೋಡಿದ್ದಾರೆ? ಅಮೇರಿಕೆಯ 'ಎ ಟ್ರೈಬ್ ಕಾಲ್ಡ್ ಕ್ವೆಸ್ಟ್' ಎಂಬ ಮೇಳದ ತರುಣರು ತಮ್ಮ ೧೯೯೧ರ ಸಂಪುಟಕ್ಕೆ ಜಾಜಿನ ಹಿರಿಯ ತಂತಿವಾದಕ ರಾನ್ ಕಾರ್ಟರನನ್ನು ಕರೆದುಕೊಂಡು ಬಂದರು. ಅವರು ತಮ್ಮ ತಂದೆಗಳ ಹಾಡನ್ನು ಬಲ್ಲವರಾಗಿದ್ದರು. ನಮ್ಮವರು ಬ್ರಾಂಕ್ಸಿನ ಟೊಪ್ಪಿಗೆಯನ್ನು ಬಲ್ಲರು, ಹುಲಕುಂದದ ಡಪ್ಪನ್ನು ಅರಿಯರು.

ಆದರೂ ತಪ್ಪಿನ ದೊಡ್ಡ ಪಾಲು ಹಿರಿಯರದೇ ಎಂದು ನಾವು ಒತ್ತಿ ಹೇಳುವೆವು. ಗೀಗೀ ಮೇಳಗಳಿಗೆ ಇಂದು ಕೊರತೆಯಾಗಿರುವುದು ಹಾಡುವವರದಲ್ಲ, ಕೇಳುವವರದು. ಜಾತ್ರೆಯ ರಾತ್ರಿ ಮೇಳದ ಮುಂದೆ ಕೂತವರನ್ನು ಎಣಿಸಿ ನೋಡಿರಿ; ತಲೆ ನರೆಯದವರು ಎಷ್ಟು ಜನ? ವಾದವನ್ನು ಕಿವಿಯಿಂದ ಹಿಡಿಯುವ, ಜವಾಬಿನ ಚುರುಕನ್ನು ಆ ಕ್ಷಣಕ್ಕೇ ಮೆಚ್ಚುವ, ಪ್ರಾಸ ತಪ್ಪಿದರೆ ನಗುವ ಶ್ರೋತೃ ಇಲ್ಲದೆ ಹರದೇಶಿ-ನಾಗೇಶಿ ಒಂದು ಗಳಿಗೆಯೂ ಬದುಕಲಾರದು. ಅಂಥ ಕಿವಿಯುಳ್ಳ ತರುಣನು ನಮ್ಮ ಮನೆಯಲ್ಲಿಯೇ ಇದ್ದಾನೆ. ಮೂಲೆಯಲ್ಲಿ ಕೂತು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಇಬ್ಬರು ಕರಿಯರ ಮಾತಿನ ಕಾಳಗವನ್ನು ಕೇಳುತ್ತಿದ್ದಾನೆ. ಆ ಕಿವಿ ತಯಾರಾದ ಕಿವಿ. ಅವನನ್ನು ಕರೆದು 'ಬಾರಪ್ಪಾ, ಇಂಥದು ನಮ್ಮಲ್ಲಿಯೂ ಉಂಟು' ಎಂದು ಮೇಳದ ಮುಂದೆ ಕೂಡಿಸುವ ಬದಲು, 'ಮ್ಲೇಂಛರ ಒದರಾಟ ಕೇಳುತ್ತೀಯಾ' ಎಂದು ಗದರಿಸಿ, ಅವನಿಗೆ ರುಚಿಯಿಲ್ಲದ ಸುಗಮ ಸಂಗೀತದ ಕಾರ್ಯಕ್ರಮಕ್ಕೆ ಎಳೆದೊಯ್ಯುತ್ತೇವೆ. ಅವನು ಅಲ್ಲಿ ಆಕಳಿಸುತ್ತಾನೆ. ಗೀಗೀ ಮೇಳಕ್ಕೆ ಸಿಗಬೇಕಾಗಿದ್ದ ಒಬ್ಬ ಶ್ರೋತೃ ಹೀಗೆ ಕಳೆದುಹೋಗುತ್ತಾನೆ.

ಆದುದರಿಂದ ನಮ್ಮದೊಂದು ಸೂಚನೆ. ೧೮೨೪ರ ಅಕ್ಟೋಬರ ೨೩ರ ವಿಜಯದ ನೆನಪಿಗೆ ಕಿತ್ತೂರಿನಲ್ಲಿ ವರ್ಷವರ್ಷವೂ ಉತ್ಸವ ನಡೆಯುತ್ತದೆ. ಆ ಉತ್ಸವದ ಒಂದು ರಾತ್ರಿಯನ್ನು ವಾದಕ್ಕಾಗಿ ಬಿಟ್ಟುಕೊಡಲಿ. ಒಂದು ಕಡೆಗೆ ನಮ್ಮ ತಾಲೂಕುಗಳ ಗೀಗೀ ಮೇಳ, ಇನ್ನೊಂದು ಕಡೆಗೆ ಇದೇ ಸೀಮೆಯ ರ‍್ಯಾಪ್ ತರುಣರು. ಧ್ವನಿವರ್ಧಕ ಇಬ್ಬರಿಗೂ ಒಂದೇ ಬಗೆಯದಿರಲಿ. ಗೌರವಧನವೂ ಒಂದೇ ಇರಲಿ, ಮೇಳದವರಿಗೆ ಶಾಲು ಹೊದಿಸಿ ಕಳಿಸಿ ತರುಣರಿಗೆ ಹಣ ಕೊಡುವ ಪದ್ಧತಿ ಬೇಡ. ಹೊಲಸು ಮಾತನ್ನಾಡಿದವರಿಗೆ ಒಂದು ಸರದಿ ನಷ್ಟ. ಸವಾಲು ಹಾಕಿದ ಮೇಲೆ ಡಪ್ಪಿನ ಎಂಟು ಆವರ್ತನಗಳೊಳಗೆ ಜವಾಬು ಬರಬೇಕು. ತೀರ್ಪುಗಾರರೆಂದು ಯಾರನ್ನೂ ಕುರ್ಚಿಯ ಮೇಲೆ ಕೂಡಿಸಬೇಡಿರಿ. ಚಾಪೆಯ ಮೇಲಿನ ಜನವೇ ಸಾಕು. ಮೊದಲನೆಯ ಸವಾಲು ನಾಗೇಶಿಯವಳದಿರಲಿ.